ಆಕ್ಸಲ್ ಮೇಲೆ ಬೆಸುಗೆ ಹಾಕುವ ಮುನ್ನ



ವಿರಾಜಪೇಟೆಯಿಂದ ಹೊರಟು ಪೆರುಂಬಾಡಿ ದಾಟಿದ ಮೇಲೆ ರಸ್ತೆ ಮಾಕುಟ್ಟದ ಕಡೆಗೆ ಇಳಿಯತೊಡಗುತ್ತದೆ. ಅಲ್ಲಿಂದ ಕೂಟುಪುಳದ ಸೇತುವೆಯವರೆಗೆ ತಿರುವಿನ ಮೇಲೆ ತಿರುವು. ಸೇತುವೆಯಾಚೆ ಕೇರಳದ ಇರಿಟ್ಟಿ, ಮುಂದೆ ಕಣ್ಣೂರು, ತಲಚೇರಿ. ದಕ್ಷಿಣ ಕೊಡಗಿನವರಿಗೆ ಕಡಲ ಕಡೆಗೆ ಹೋಗುವ ದಾರಿ ಇದೇ. ಮುಂಗಾರು ಬಂತೆಂದರೆ ಈ ಘಾಟಿಯ ಪಾಡು ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. 2018ರ ಜೂನ್ ತಿಂಗಳ ಮಳೆಗೆ ಹಲವು ಕಡೆ ಗುಡ್ಡ ಜರಿದು ಇಲ್ಲಿ ವಾಹನ ಸಂಚಾರವೇ ನಿಂತುಹೋಗಿತ್ತು. ರಸ್ತೆಯನ್ನು ಕಾಯುವ ಕೆಲಸ ಸರ್ಕಾರದ್ದು. ಆ ರಸ್ತೆಗೆ ಇಳಿಸುವ ಗಾಡಿಯನ್ನು ಕಾಯುವ ಕೆಲಸ ನಮ್ಮದು. ಇವತ್ತು ಆ ಗಾಡಿಯ ಒಂದು ಭಾಗದ ಬಗ್ಗೆ, ಅದರ ಮೇಲೆ ನಡೆಯುವ ಒಂದು ಕೆಲಸದ ಬಗ್ಗೆ ಮಾತನಾಡುತ್ತೇನೆ. ಆಕ್ಸಲ್ ಹೌಸಿಂಗ್ ಮೇಲೆ ಸ್ಪ್ರಿಂಗಿನ ಬ್ರಾಕೆಟ್ ಬೆಸೆಯುವ ಕೆಲಸ ಅದು.

ಕೊಡಗಿಗೂ ಜೀಪಿಗೂ ಹಳೆಯ ನಂಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲೇ ಜೋಡಿಸತೊಡಗಿತು. ಮುಂದೆ ಎಂಎಂ 540, ಎಂಎಂ 550, ಕಮಾಂಡರ್, ಮೇಜರ್ ಎಂದು ಹೆಸರುಗಳು ಬದಲಾದವು. ಕೆಳಗಿನ ಕಟ್ಟು ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಅಡ್ಡಕ್ಕೆ ಆಕ್ಸಲ್ ಶಾಫ್ಟನ್ನು ಒಳಗಿಟ್ಟುಕೊಂಡ ಒಂದು ಉಕ್ಕಿನ ಹೌಸಿಂಗ್, ಅದರ ಎರಡು ತುದಿಗೆ ಚಕ್ರ, ಯೂ ಬೋಲ್ಟ್ ಹಾಕಿ ಬಿಗಿದ ಪ್ಲೇಟ್ ಸ್ಪ್ರಿಂಗು. ಈ ಜೀಪುಗಳಲ್ಲಿ ಎಷ್ಟೋ ಇವತ್ತೂ ತೋಟದ ದಾರಿಗಳಲ್ಲಿ ದುಡಿಯುತ್ತಿವೆ. ಕಾಫಿ ಹಣ್ಣಿನ ಚೀಲ ಹೊರುತ್ತವೆ, ಗೊಬ್ಬರ ಹೊರುತ್ತವೆ, ಬೆಳಗ್ಗೆ ಕೆಲಸದವರನ್ನು ಕರೆತಂದು ಸಂಜೆ ಮನೆಗೆ ಬಿಡುತ್ತವೆ.

ಸ್ಪ್ರಿಂಗು ಹೌಸಿಂಗಿಗೆ ಕೂಡುವ ಜಾಗದಲ್ಲಿ ಒಂದು ಪೀಠ ಬೆಸೆದಿರುತ್ತದೆ. ಗ್ಯಾರೇಜಿನಲ್ಲಿ ಅದಕ್ಕೆ ಸ್ಪ್ರಿಂಗ್ ಪ್ಯಾಡ್ ಎನ್ನುತ್ತಾರೆ. ಕೆಲವು ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರಿನ ಕೆಳತುದಿಯನ್ನು ಹಿಡಿಯುವ ಬ್ರಾಕೆಟ್ಟನ್ನೂ ಹೌಸಿಂಗಿಗೇ ಬೆಸೆದಿರುತ್ತಾರೆ. ನಮ್ಮ ಮಳೆಗೆ, ಕೆಸರಿಗೆ, ಗುಂಡಿ ರಸ್ತೆಗೆ ಈ ಪ್ಯಾಡು ತುಕ್ಕು ಹಿಡಿಯುತ್ತದೆ. ಬ್ರಾಕೆಟ್ಟು ಹರಿದು ಬರುತ್ತದೆ. ಕೆಲವೊಮ್ಮೆ ಹೌಸಿಂಗ್ ಪೂರ್ತಿ ಕೆಟ್ಟು, ಬೇರೊಂದು ಗಾಡಿಯ ಹೌಸಿಂಗ್ ತಂದು ಹಾಕುವ ಸಂದರ್ಭ ಬರುತ್ತದೆ. ಅದರ ಪ್ಯಾಡುಗಳ ನಡುವಿನ ಅಂತರ ನಮ್ಮ ಸ್ಪ್ರಿಂಗಿಗೆ ಹೊಂದುವುದಿಲ್ಲ. ಇನ್ನು ಕೆಲವರು ಗಾಡಿಯನ್ನು ಎತ್ತರಿಸಲು ಸ್ಪ್ರಿಂಗನ್ನು ಆಕ್ಸಲ್ ಕೆಳಗಿಂದ ತೆಗೆದು ಮೇಲೆ ಕೂರಿಸಲು ಹೊರಡುತ್ತಾರೆ. ಇವೆಲ್ಲದರಲ್ಲೂ ಕೊನೆಗೆ ವೆಲ್ಡಿಂಗ್ ಹೋಲ್ಡರ್ ಹೌಸಿಂಗಿನ ಮೇಲೆ ಬರಲೇಬೇಕು.

ಕೆಲಸ ಮುಗಿದ ಮೇಲೆ ನಾವು ಏನು ಮಾಡುತ್ತೇವೆ? ಸುತ್ತಿಗೆಯಲ್ಲಿ ಎರಡೇಟು ಹಾಕಿ ಬ್ರಾಕೆಟ್ ಅಲ್ಲಾಡದೆ ಕೂತಿದೆ ಎಂದು ತೃಪ್ತಿಪಡುತ್ತೇವೆ. ನಾನು ಒತ್ತಿ ಹೇಳಬೇಕೆಂದಿರುವ ವಿಷಯ ಇಲ್ಲಿದೆ. ಬ್ರಾಕೆಟ್ ಗಟ್ಟಿಯಾಗಿ ಕೂತಿದ್ದರೆ ಅರ್ಧ ಕೆಲಸ ಮಾತ್ರ ಆಗಿದೆ. ಅದನ್ನು ಹೊತ್ತ ಹೌಸಿಂಗ್ ಮೊದಲಿನಷ್ಟೇ ನೆಟ್ಟಗೆ, ಮೊದಲಿನಷ್ಟೇ ಗಟ್ಟಿ ಉಳಿದಿದೆಯೇ ಎಂಬುದು ಉಳಿದರ್ಧ. ಬ್ರಾಕೆಟ್ ಕಿತ್ತುಬಂದರೆ ಸದ್ದು ಮಾಡುತ್ತದೆ, ಗಾಡಿ ಒಂದು ಕಡೆಗೆ ವಾಲುತ್ತದೆ, ಡ್ರೈವರಿಗೆ ತಿಳಿಯುತ್ತದೆ. ಬೆಸುಗೆಯ ಅಂಚಿನಿಂದ ಹೌಸಿಂಗಿನೊಳಕ್ಕೆ ಹೊರಟ ಬಿರುಕು ತಿಂಗಳುಗಟ್ಟಲೆ ಸುಮ್ಮನೆ ಬೆಳೆದು ಒಂದು ದಿನ ಘಾಟಿಯಲ್ಲಿ ಹೌಸಿಂಗನ್ನೇ ಮುರಿಯುತ್ತದೆ.

ಏಕೆ ಹೀಗೆ? ಹೌಸಿಂಗಿನ ಮೇಲೆ ಬೀಳುವ ಭಾರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಗಾಡಿಯ ತೂಕ ಸ್ಪ್ರಿಂಗ್ ಪ್ಯಾಡುಗಳ ಮೇಲೆ ಕೆಳಮುಖವಾಗಿ ಒತ್ತುತ್ತದೆ. ನೆಲ ಎರಡು ತುದಿಯ ಚಕ್ರಗಳನ್ನು ಮೇಲಕ್ಕೆ ಒತ್ತುತ್ತದೆ. ಹೀಗಾಗಿ ಹೌಸಿಂಗ್ ನಡುವೆ ಕೆಳಕ್ಕೆ ಬಾಗಲು ನೋಡುತ್ತದೆ. ಅದರ ಮೇಲ್ಭಾಗ ಕುಗ್ಗುವ ಒತ್ತಡದಲ್ಲಿರುತ್ತದೆ, ಕೆಳಭಾಗ ಹಿಗ್ಗುವ ಎಳೆತದಲ್ಲಿರುತ್ತದೆ. ಈ ಬಾಗು ಚಕ್ರದ ಬಳಿ ಕಡಿಮೆ. ಒಳಕ್ಕೆ ಬಂದಂತೆ ಏರುತ್ತ ಸರಿಯಾಗಿ ಸ್ಪ್ರಿಂಗ್ ಪ್ಯಾಡಿನ ಹತ್ತಿರ ತುತ್ತತುದಿ ಮುಟ್ಟುತ್ತದೆ. ಅಂದರೆ ನಾವು ಬೆಸುಗೆ ಹಾಕುವ ಜಾಗವೇ ಹೌಸಿಂಗ್ ಅತಿ ಹೆಚ್ಚು ಶ್ರಮಪಡುವ ಜಾಗ. ಇದು ಗಾಡಿ ನಿಂತಾಗಿನ ಲೆಕ್ಕ. ಓಡುವಾಗ ಪ್ರತಿ ಗುಂಡಿಯಲ್ಲೂ ಈ ಎಳೆತ ಏರಿಳಿಯುತ್ತದೆ. ಮಾಕುಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಹೌಸಿಂಗ್ ತನ್ನ ಸುತ್ತ ತಾನೇ ತಿರುಚಿಕೊಳ್ಳಲು ನೋಡುತ್ತದೆ; ಆ ತಿರುಚನ್ನು ತಡೆಹಿಡಿಯುವುದೂ ಇದೇ ಪ್ಯಾಡು ಮತ್ತು ಸ್ಪ್ರಿಂಗು.

ಹಸಿ ಬಿದಿರಿನ ಕೋಲನ್ನು ಎಷ್ಟು ಬಗ್ಗಿಸಿದರೂ ತಾಳುತ್ತದೆ. ಅದೇ ಕೋಲಿಗೆ ಕತ್ತಿಯಿಂದ ಅಡ್ಡಕ್ಕೆ ಒಂದು ಗೀರು ಹಾಕಿ ಬಗ್ಗಿಸಿ, ಗೀರಿನಲ್ಲೇ ಮುರಿಯುತ್ತದೆ. ಬೆಸುಗೆಯ ಅಂಚಿನಲ್ಲಿ ಉಕ್ಕು ಕರಗಿ ಹೊಂಡವಾಗಿದ್ದರೆ, ಅಂದರೆ ಗ್ಯಾರೇಜಿನವರು ಅಂಡರ್‌ಕಟ್ ಎನ್ನುವ ದೋಷವಿದ್ದರೆ, ಅದು ಹೌಸಿಂಗಿಗೆ ಹಾಕಿದ ಗೀರು. ಎಳೆತವೆಲ್ಲ ಅಲ್ಲಿ ಬಂದು ಸೇರುತ್ತದೆ. ಲಕ್ಷಾಂತರ ಸಲ ಬಾಗಿ ನೆಟ್ಟಗಾಗುತ್ತ, ಅಲ್ಲಿಂದಲೇ ಬಿರುಕು ಬಿಡುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ.

ಈ ಮಾತಿಗೆ ಜೀವಗಳನ್ನೇ ಬೆಲೆ ತೆತ್ತ ಒಂದು ಉದಾಹರಣೆ ಇದೆ. ಅಲೆಕ್ಸಾಂಡರ್ ಕೀಲಾಂಡ್ ಎಂಬುದು ನಾರ್ವೆ ದೇಶದ ಉತ್ತರ ಸಮುದ್ರದಲ್ಲಿ ಎಣ್ಣೆಬಾವಿಗಳ ಕೆಲಸಗಾರರಿಗೆ ವಸತಿಯಾಗಿದ್ದ ತೇಲು ಕಟ್ಟೆ. 1980ರ ಮಾರ್ಚ್ 27ರ ಸಂಜೆ ಬಿರುಗಾಳಿಯಲ್ಲಿ ಅದರ ಒಂದು ಕಾಲು ಮುರಿದು ಕಟ್ಟೆ ಮಗುಚಿಕೊಂಡಿತು. ಮೇಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ತನಿಖೆ ನಡೆಸಿದವರು ಬಿರುಕಿನ ಮೂಲ ಹುಡುಕುತ್ತ ಹೋಗಿ ಒಂದು ಸಣ್ಣ ಬೆಸುಗೆಯ ಬಳಿ ನಿಂತರು. ಕಾಲುಗಳನ್ನು ಹಿಡಿದಿದ್ದ ಅಡ್ಡ ಕೊಳವೆಯೊಂದಕ್ಕೆ, ನೀರೊಳಗಿನ ಸದ್ದು ಕೇಳುವ ಸಣ್ಣ ಉಪಕರಣವನ್ನು ಕೂರಿಸಲೆಂದು ಒಂದು ಹಿಡಿಕೆ ಬೆಸೆದಿದ್ದರು. ಆ ಬೆಸುಗೆಯ ಅಳತೆ ಬರೀ 6 ಮಿಲಿಮೀಟರ್. ಹಿಡಿಕೆ ಹೊರಬೇಕಾದ ಭಾರ ಏನೇನೂ ಇಲ್ಲ ಎಂದು ಯಾರೂ ಅದಕ್ಕೆ ಗಮನ ಕೊಟ್ಟಿರಲಿಲ್ಲ. ಬಿರುಕಿನ ಒಳಗೆ ಬಣ್ಣದ ಗುರುತು ಸಿಕ್ಕಿತು. ಬಣ್ಣ ಬಳಿಯುವ ಮೊದಲೇ, ಕಾರ್ಖಾನೆಯಲ್ಲಿದ್ದಾಗಲೇ ಅಲ್ಲಿ ಬಿರುಕಿತ್ತು ಎಂದು ಅದರಿಂದ ತಿಳಿಯಿತು. ಹಿಡಿಕೆಯ ಕೆಟ್ಟ ಬೆಸುಗೆಯಿಂದ ಹೊರಟ ಬಿರುಕು ಕೊಳವೆಯನ್ನೇ ಸುತ್ತಿ ಅದನ್ನು ಕತ್ತರಿಸಿತ್ತು. ನಮ್ಮ ಜೀಪಿನ ಹೌಸಿಂಗೂ ಒಂದು ಕೊಳವೆ. ಶಾಕ್ ಅಬ್ಸಾರ್ಬರಿನ ಬ್ರಾಕೆಟ್ಟೂ ಒಂದು ಸಣ್ಣ ಹಿಡಿಕೆ. ಅಳತೆ ಬೇರೆಯಿರಬಹುದು, ಉಕ್ಕಿನ ಗುಣ ಒಂದೇ.

ಹಾಗಾದರೆ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ? ಮೊದಲು ತಿಳಿಯಬೇಕಾದದ್ದು, ಯಾವುದಕ್ಕೆ ಬೆಸುಗೆ ಹಾಕಬಹುದು, ಯಾವುದಕ್ಕೆ ಹಾಕಬಾರದು ಎಂಬುದು. ಜೀಪಿನ ಹೌಸಿಂಗಿನ ಉದ್ದನೆಯ ಕೊಳವೆ ಸಾಮಾನ್ಯವಾಗಿ ಬೆಸುಗೆಗೆ ಒಗ್ಗುವ ಉಕ್ಕು. ನಡುವಿನ ಗುಂಡು, ಅಂದರೆ ಕ್ರೌನ್ ಮತ್ತು ಪಿನಿಯನ್ ಕೂರುವ ಭಾಗ, ಅನೇಕ ಮಾದರಿಗಳಲ್ಲಿ ಎರಕದ್ದು. ಅದಕ್ಕೆ ಸಾಮಾನ್ಯ ವೆಲ್ಡಿಂಗ್ ರಾಡಿನಿಂದ ಏನನ್ನೂ ಅಂಟಿಸಬೇಡಿ, ತಣ್ಣಗಾಗುವಾಗ ಬಿರಿಯುತ್ತದೆ. ಲಾರಿಯ ಮುಂದಿನ ಆಕ್ಸಲ್ ಬಡಿದು ಮಾಡಿದ, ಕಾಯಿಸಿ ಹದಗೊಳಿಸಿದ ಗಟ್ಟಿ ಉಕ್ಕು. ಅದಕ್ಕೂ ಬೆಸುಗೆ ಬೇಡ. ಸ್ಪ್ರಿಂಗ್ ಪ್ಲೇಟಿಗಂತೂ ಒಂದು ಕಿಡಿಯೂ ತಾಕಬಾರದು. ಅದು ಹದ ಕೊಟ್ಟ ಉಕ್ಕು. ರಾಡು ಒಂದು ಕ್ಷಣ ತಾಗಿದರೂ ಆ ಚುಕ್ಕೆಯಲ್ಲಿ ಉಕ್ಕು ಗಾಜಿನಂತೆ ಬಿರುಸಾಗಿ, ಪ್ಲೇಟು ಅಲ್ಲೇ ತುಂಡಾಗುತ್ತದೆ. ಆದ್ದರಿಂದ ಸ್ಪ್ರಿಂಗನ್ನು ಕಳಚಿ ದೂರ ಇಟ್ಟ ಮೇಲೆಯೇ ಕೆಲಸ ಶುರುವಾಗಲಿ.

ಗಾಡಿಯನ್ನು ಎತ್ತಿದ ಮೇಲೆ ಜಾಕನ್ನು ನಂಬಿ ಅಡಿಗೆ ನುಸುಳಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ, ಅದಿಲ್ಲದಿದ್ದರೆ ದಪ್ಪ ಮರದ ದಿಮ್ಮಿ ಕೊಡಿ. ಕೈಗೆ ಸಿಕ್ಕಿತೆಂದು ಕೆಂಪುಕಲ್ಲು ಇಡುವ ರೂಢಿ ನಮ್ಮಲ್ಲಿದೆ. ಆ ಕಲ್ಲು ಒಂದೇ ಕಡೆ ಭಾರ ಬಿದ್ದರೆ ಬಿರಿಯುತ್ತದೆ, ಮಳೆಯಲ್ಲಿ ನೆನೆದಿದ್ದರೆ ಇನ್ನೂ ಬೇಗ. ಸಾಧ್ಯವಿದ್ದರೆ ಹೌಸಿಂಗನ್ನೇ ಹೊರಗೆ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು. ಮೇಲೆ ಮುಖಮಾಡಿ ಬೆಸೆಯುವುದಕ್ಕಿಂತ ಮೇಜಿನೆತ್ತರದಲ್ಲಿ ಕೆಳಮುಖವಾಗಿ ಬೆಸೆದರೆ ಉಕ್ಕು ಚೆನ್ನಾಗಿ ಬೇರೂರುತ್ತದೆ, ಕಿಡಿ ಮೈಮೇಲೆ ಬೀಳುವುದಿಲ್ಲ.

ಹೌಸಿಂಗಿನ ಒಳಗೆ ಗೇರ್ ಆಯಿಲ್ ಇದೆ ಎಂಬುದನ್ನು ಮರೆಯಬೇಡಿ. ಕೊಳವೆ ಕಾದರೆ ಆಯಿಲ್ ಹೊಗೆಯಾಡುತ್ತದೆ. ಮುಚ್ಚಿದ ಜಾಗದಲ್ಲಿ ತುಂಬಿದ ಆ ಹೊಗೆ ಹೊತ್ತಿಕೊಳ್ಳಬಹುದು, ಒತ್ತಡದಿಂದ ಸಿಡಿಯಬಹುದು. ಆಯಿಲ್ ಪೂರ್ತಿ ಇಳಿಸಿ. ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಬಿಚ್ಚಿ. ಎರಡು ಕಡೆಯ ಆಕ್ಸಲ್ ಶಾಫ್ಟ್, ಬೇರಿಂಗು, ಆಯಿಲ್ ಸೀಲು ಹೊರಗೆ ತೆಗೆಯಿರಿ. ಬ್ರೇಕ್ ಪೈಪು, ರಬ್ಬರ್ ಹೋಸು ಬಿಚ್ಚಿಡಿ. ಹೌಸಿಂಗಿನ ಒಳ ಹೊರಗನ್ನು ಒರೆಸಿ ಒಣಗಿಸಿ. ಇಲ್ಲೊಂದು ಎಚ್ಚರಿಕೆ. ಬ್ರೇಕ್ ತೊಳೆಯುವ ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದರ ಪಸೆ ಉಳಿದ ಕಡೆ ವೆಲ್ಡಿಂಗ್ ಬೆಳಕು ಬಿದ್ದರೆ ಫಾಸ್ಜೀನ್ ಅನಿಲ ಹುಟ್ಟಬಹುದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ವಿಷಾನಿಲ ಅದು. ಅಂಥ ಸ್ಪ್ರೇಯನ್ನು ವೆಲ್ಡಿಂಗ್ ನಡೆಯುವ ಜಾಗದ ಹತ್ತಿರವೂ ತರಬೇಡಿ. ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಗ್ರೈಂಡರಿನಿಂದ ಬಣ್ಣ, ತುಕ್ಕು ತೆಗೆಯಿರಿ. ಬೆಸುಗೆಯ ಸುತ್ತ ಒಂದಿಂಚು ಅಗಲಕ್ಕೆ ಉಕ್ಕು ಬೆಳ್ಳಗೆ ಹೊಳೆಯುವಂತಿರಬೇಕು. ಹೊಸ ಬ್ರಾಕೆಟ್ಟಿಗೆ ಸತುವಿನ ಲೇಪ ಇದ್ದರೆ ಅದನ್ನೂ ಉಜ್ಜಿ ತೆಗೆಯಿರಿ. ಸತುವಿನ ಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರಬಹುದು.

ಹೌಸಿಂಗ್ ಗಾಡಿಯಲ್ಲೇ ಇದ್ದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಹೊಸ ಗಾಡಿಗಳಲ್ಲಿ ಇಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ವೆಲ್ಡಿಂಗ್ ಕರೆಂಟು ಅದರ ಮೂಲಕ ಹರಿದರೆ ಅದು ಕೆಟ್ಟುಹೋಗುತ್ತದೆ. ಅರ್ತ್ ಕ್ಲಾಂಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ, ಹೌಸಿಂಗಿಗೇ ಕಚ್ಚಿಸಿ. ಅದನ್ನು ದೂರದಲ್ಲಿ ಚಾಸಿಗೋ ಚಕ್ರದ ಡ್ರಮ್ಮಿಗೋ ಕಚ್ಚಿಸಿದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ. ಗುಂಡುಗಳ ನಡುವೆ ಸಣ್ಣ ಕಿಡಿ ಹಾರಿ ನುಣುಪಾದ ಮೈಯಲ್ಲಿ ಹೊಂಡ ಬೀಳುತ್ತದೆ. ಒಂದೆರಡು ತಿಂಗಳಲ್ಲಿ ಆ ಬೇರಿಂಗು ಗುರುಗುಟ್ಟತೊಡಗುತ್ತದೆ. ಕಾರಣ ವೆಲ್ಡಿಂಗ್ ಎಂದು ಯಾರಿಗೂ ಹೊಳೆಯುವುದಿಲ್ಲ.

ಬ್ರಾಕೆಟ್ ಕೂರಿಸುವ ಕೋನ ಮುಖ್ಯ. ಪ್ಯಾಡ್ ಒಂದೆರಡು ಡಿಗ್ರಿ ತಿರುಗಿ ಕೂತರೆ ಪಿನಿಯನ್ನಿನ ಮೂತಿ ಮೇಲಕ್ಕೋ ಕೆಳಕ್ಕೋ ನೋಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ನಡುಗುತ್ತದೆ, ಬೇಗ ಸವೆಯುತ್ತದೆ. ಆದ್ದರಿಂದ ಹಳೆಯ ಪ್ಯಾಡ್ ತೆಗೆಯುವ ಮೊದಲೇ ಅದರ ಕೋನ, ಎರಡು ಪ್ಯಾಡುಗಳ ನಡುವಿನ ಅಂತರ, ಪ್ಯಾಡಿನಿಂದ ತುದಿಗಿರುವ ದೂರ, ಎರಡು ರಿಮ್ಮುಗಳ ನಡುವೆ ಮುಂದೆ ಮತ್ತು ಹಿಂದೆ ಇರುವ ಅಂತರ, ಎಲ್ಲವನ್ನೂ ಅಳೆದು ಬರೆದಿಡಿ. ಹೊಸದನ್ನು ಯೂ ಬೋಲ್ಟಿನಲ್ಲಿ ಹಿಡಿಸಿ, ಗಾಡಿಯ ಭಾರ ಚಕ್ರದ ಮೇಲೆ ಬರುವಂತೆ ಇಳಿಸಿ, ಕೋನ ನೋಡಿ ಗುರುತು ಹಾಕಿಕೊಳ್ಳಿ. ಆಮೇಲೆ ಬಿಚ್ಚಿ, ಸ್ಪ್ರಿಂಗ್ ದೂರ ಸರಿಸಿ, ಗುರುತಿಗೆ ಸರಿಯಾಗಿ ಸಣ್ಣ ಟ್ಯಾಕ್, ಅಂದರೆ ತಾತ್ಕಾಲಿಕ ಚುಕ್ಕೆ ಬೆಸುಗೆ ಹಾಕಿ. ಟ್ಯಾಕ್ ಆದಮೇಲೆ ಮತ್ತೊಮ್ಮೆ ಅಳತೆ ನೋಡಿ. ಟ್ಯಾಕ್ ತಪ್ಪಿದ್ದರೆ ಐದು ನಿಮಿಷದಲ್ಲಿ ಬಿಡಿಸಬಹುದು. ಪೂರ್ತಿ ಬೆಸೆದ ಮೇಲೆ ತಪ್ಪು ತಿದ್ದಲು ಹೋದರೆ ಹೌಸಿಂಗಿಗೆ ಎರಡನೆಯ ಗಾಯ.

ಬ್ರಾಕೆಟ್ಟಿನ ಬುಡ ಕೊಳವೆಯ ದುಂಡಿಗೆ ಹೊಂದಿಕೊಂಡು ಕೂರಬೇಕು. ನಡುವೆ ಸಂದಿ ಬಿಟ್ಟು ಅದನ್ನು ರಾಡು ಕರಗಿಸಿ ತುಂಬುವ ರೂಢಿ ಬಿಡಬೇಕು. ಬೆಸುಗೆಯ ಗೆರೆ ಕೊಳವೆಯ ಉದ್ದಕ್ಕೆ ಸಾಗಲಿ. ಕೊಳವೆಯ ಸುತ್ತ ಬಳೆ ತೊಡಿಸಿದಂತೆ ಬೆಸೆಯಬೇಡಿ. ಅದರಲ್ಲೂ ಕೊಳವೆಯ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಗೆರೆ ಎಳೆಯಲೇಬೇಡಿ. ಎಳೆತ ಅತಿ ಹೆಚ್ಚಿರುವುದು ಅಲ್ಲೇ ಎಂದು ಆಗಲೇ ಹೇಳಿದೆ. ಬೆಸುಗೆಯ ದಪ್ಪ ಜೋಡಿಸುವ ಎರಡು ಉಕ್ಕಿನಲ್ಲಿ ತೆಳುವಾದದ್ದರಷ್ಟು ಇದ್ದರೆ ಸಾಕು. ಹೆಚ್ಚು ರಾಡು ಸುರಿದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ತಪ್ಪು. ಹೆಚ್ಚು ರಾಡೆಂದರೆ ಹೆಚ್ಚು ಕಾವು, ಹೆಚ್ಚು ಕಾವೆಂದರೆ ಹೆಚ್ಚು ಸೊಟ್ಟ.

ಈಗ ರಾಡಿನ ವಿಷಯ. ಕೊಡಗಿನಲ್ಲಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 6013 ರಾಡು. ಗೇಟಿಗೆ, ಕಿಟಕಿ ಸರಳಿಗೆ ಅದು ಒಳ್ಳೆಯದು. ಹೌಸಿಂಗಿನಂಥ ದುಡಿಯುವ ಉಕ್ಕಿಗೆ ಬೇಕಾದದ್ದು 7018, ಅಂದರೆ ಜಲಜನಕ ಕಡಿಮೆಯಿರುವ ರಾಡು. ಬೆಸುಗೆಯ ಶತ್ರು ತೇವ. ರಾಡಿನ ಲೇಪ ಗಾಳಿಯ ತೇವ ಹೀರಿಕೊಂಡಿದ್ದರೆ ಆ ನೀರು ಬೆಸುಗೆಯ ಕಾವಿಗೆ ಒಡೆದು ಜಲಜನಕವಾಗಿ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಬೆಸುಗೆ ತಣ್ಣಗಾದ ಮೇಲೆ, ಕೆಲವೊಮ್ಮೆ ಮರುದಿನ, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸಂಜೆ ಚೆನ್ನಾಗಿ ಕಂಡ ಬೆಸುಗೆ ಬೆಳಗಾಗುವಾಗ ಒಡೆದಿರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ.

ಮುಂಗಾರಿನಲ್ಲಿ ಮಾಕುಟ್ಟದ ಗಾಳಿ ಎಂಥದ್ದು ಎಂದು ನಾನು ಹೇಳಬೇಕಾಗಿಲ್ಲ. ಒಗೆದ ಬಟ್ಟೆ ವಾರವಾದರೂ ಒಣಗದ ಊರಿನಲ್ಲಿ ತೆರೆದಿಟ್ಟ ರಾಡು ಒಣಗಿರಲು ಹೇಗೆ ಸಾಧ್ಯ? 7018 ರಾಡಿನ ಪೊಟ್ಟಣ ಒಡೆದ ಮೇಲೆ ಅದನ್ನು ಬಿಸಿ ಪೆಟ್ಟಿಗೆಯಲ್ಲೇ ಇಡಬೇಕು. ಕೆಲವು ಗಂಟೆ ಹೊರಗಿದ್ದ ರಾಡನ್ನು ತಯಾರಕರು ಪೊಟ್ಟಣದ ಮೇಲೆ ಬರೆದಿರುವಂತೆ ಮತ್ತೆ ಕಾಯಿಸಬೇಕು. ಸಾಮಾನ್ಯವಾಗಿ 250ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ, ಬಿಸಿಲಿಗೆ ಹರಡಿದರೆ ಈ ಕಾವು ಬರುವುದಿಲ್ಲ. ರಾಡು ಕಾಯಿಸುವ ಸಣ್ಣ ಓವನ್ ಗ್ಯಾರೇಜಿಗೆ ಅಲಂಕಾರದ ಸಾಮಾನಲ್ಲ. ಕೊಳ್ಳುವಾಗ ನಮ್ಮ ದೇಶದ ಐಎಸ್ 814 ಮಾನದಂಡದ ಗುರುತು ನೋಡಿ ಕೊಳ್ಳಿ. ಹೌಸಿಂಗಿನ ಮೈಯೂ ಒಣಗಿರಬೇಕು. ಬೆಸುಗೆಗೆ ಮೊದಲು ಗ್ಯಾಸ್ ಟಾರ್ಚನ್ನು ಹಿಂದೆ ಮುಂದೆ ಆಡಿಸಿ, ಮೈಯಲ್ಲಿ ಬೆವರಿನಂತೆ ಮೂಡುವ ಪಸೆಯೆಲ್ಲ ಆರಿಹೋಗುವವರೆಗೆ ಕಾಯಿಸಿ.

ಇನ್ನು ಬೆಸುಗೆ. ಕಾದ ಉಕ್ಕು ಹಿಗ್ಗುತ್ತದೆ, ತಣ್ಣಗಾಗುವಾಗ ಕುಗ್ಗುತ್ತದೆ. ಒಂದೇ ಕಡೆ ಒಂದೇ ಉಸಿರಿಗೆ ಬೆಸೆದರೆ ಹೌಸಿಂಗಿನ ತುದಿಗಳು ಬೆಸುಗೆಯ ಕಡೆಗೆ ಬಾಗುತ್ತವೆ. ಕಣ್ಣಿಗೆ ನೆಟ್ಟಗೆ ಕಂಡರೂ ಒಳಗಿನ ಶಾಫ್ಟಿಗೆ ಅದು ಸೊಟ್ಟವೇ. ಆಯಿಲ್ ಸೀಲ್ ಸೋರುತ್ತದೆ, ಬೇರಿಂಗ್ ಸವೆಯುತ್ತದೆ, ಟೈರು ಒಂದು ಬದಿ ತಿನ್ನುತ್ತದೆ. ಆದ್ದರಿಂದ ಒಂದಿಂಚು ಎಡ ಪ್ಯಾಡಿನ ಮುಂದೆ, ಒಂದಿಂಚು ಬಲ ಪ್ಯಾಡಿನ ಹಿಂದೆ, ಮತ್ತೊಂದಿಂಚು ಎಡದ ಹಿಂದೆ, ಹೀಗೆ ಜಾಗ ಬದಲಿಸುತ್ತ ಹೋಗಿ. ಪ್ರತಿ ಸಲ ಬೆಸುಗೆಯ ಮೇಲೆ ಕಟ್ಟಿದ ಸ್ಲ್ಯಾಗ್ ಚಿಪ್ಪನ್ನು ಕೆತ್ತಿ, ಬ್ರಷ್ ಹಾಕಿ, ಕಾವು ಇಳಿಯಲು ಬಿಡಿ. ಬೇಗ ತಣ್ಣಗಾಗಲೆಂದು ನೀರು ಸುರಿಯುವುದು, ಮಳೆಯಲ್ಲಿ ಇಡುವುದು ಕೂಡದು. ಹಾಗೆ ಮಾಡಿದರೆ ಬೆಸುಗೆಯ ಅಂಚು ಬಿರುಸಾಗಿ ಒಡೆಯುತ್ತದೆ. ಒಣ ಮರಳು ಹೊದೆಸಿ ನಿಧಾನಕ್ಕೆ ಆರಲು ಬಿಡಿ. ಗೋಣಿ ಬೇಡ, ಕಾದ ಉಕ್ಕಿಗೆ ಹೊತ್ತಿಕೊಳ್ಳಬಹುದು. ಬೆಸುಗೆಯ ಗೆರೆಯನ್ನು ಮೂಲೆಯಲ್ಲಿ ಶುರುಮಾಡಬೇಡಿ, ಮೂಲೆಯಲ್ಲಿ ನಿಲ್ಲಿಸಲೂ ಬೇಡಿ. ಶುರುವಾದ, ನಿಂತ ಜಾಗಗಳಲ್ಲೇ ದೋಷ ಹೆಚ್ಚು.

ಮುಗಿದ ಮೇಲೆ ಪರೀಕ್ಷೆ. ಮೊದಲು ಬರೀ ಕಣ್ಣು, ಒಳ್ಳೆಯ ಬೆಳಕು. ಅಂಚಿನಲ್ಲಿ ಹೊಂಡ ಇದೆಯೇ, ತೂತುಗಳಿವೆಯೇ, ಬೆಸುಗೆ ಹೌಸಿಂಗಿಗೆ ನುಣುಪಾಗಿ ಇಳಿದಿದೆಯೇ ನೋಡಿ. ಒಂದು ರಾತ್ರಿ ಬಿಟ್ಟು ಬಿರುಕಿನ ಪರೀಕ್ಷೆ ಮಾಡಿ. ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸುವ ಸ್ಪ್ರೇ ಸಿಗುತ್ತದೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ. ಅದು ಸಿಗದಿದ್ದರೆ ಹಳೆಯ ರೈಲ್ವೆ ಕಾರ್ಯಾಗಾರಗಳ ದಾರಿ ಇದೆ. ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಮೇಲಿನದನ್ನು ಚೆನ್ನಾಗಿ ಒರೆಸಿ ಸುಣ್ಣ ಅಥವಾ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿನಲ್ಲಿ ಇಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಆಮೇಲೆ ಶಾಫ್ಟುಗಳನ್ನು ಸೇರಿಸಿ ಕೈಯಲ್ಲಿ ತಿರುಗಿಸಿ. ಎಲ್ಲೂ ಬಿಗಿಯದೆ ತಿರುಗಬೇಕು. ಎರಡು ರಿಮ್ಮುಗಳ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದು, ಮೊದಲು ಬರೆದಿಟ್ಟ ಅಳತೆಗೆ ಹೋಲಿಸಿ. ಯೂ ಬೋಲ್ಟ್ ಹೊಸದೇ ಹಾಕಿ. ಖಾಲಿ ಗಾಡಿಯನ್ನು ಹತ್ತಿರದಲ್ಲೇ ಓಡಿಸಿ ಮತ್ತೆ ಬಿಗಿ ನೋಡಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ.

ಕೆಲಸ ಮಾಡುವ ಹುಡುಗರ ಮೈ ಕಾಯುವುದೂ ಈ ಕೆಲಸದ ಭಾಗ. ವೆಲ್ಡಿಂಗ್ ಸೆಟ್ಟಿನ ಹೋಲ್ಡರಿನಲ್ಲಿ ರಾಡು ಉರಿಯದಿದ್ದಾಗ 60ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗೆ ಅದರ ಅಪಾಯ ಕಡಿಮೆ. ನೆನೆದ ಅಂಗಿ, ಒದ್ದೆ ನೆಲ, ಬೆವರಿದ ಕೈ ಸೇರಿದರೆ ಜೀವ ತೆಗೆಯಬಲ್ಲದು. ಮಳೆಗಾಲದಲ್ಲಿ ಒಣ ಮರದ ಹಲಗೆಯ ಮೇಲೆ ನಿಂತು, ಒಣ ಚರ್ಮದ ಗ್ಲೌಸ್ ಹಾಕಿ ಕೆಲಸ ಮಾಡಿ. ತೇಪೆ ಹಾಕಿದ ಕೇಬಲ್ ಎಸೆಯಿರಿ. ಕಣ್ಣಿಗೆ ಬರೀ ಕೂಲಿಂಗ್ ಗ್ಲಾಸ್ ಸಾಲದು. ಈ ಕೆಲಸಕ್ಕೆ 10 ಅಥವಾ 11ನೇ ನಂಬರಿನ ಗಾಜಿರುವ ಪೂರ್ತಿ ಮುಖದ ಶೀಲ್ಡ್ ಬೇಕು. ಟ್ಯಾಕ್ ಹಾಕುವಾಗ ಬ್ರಾಕೆಟ್ ಹಿಡಿದುಕೊಂಡು ಮುಖ ತಿರುಗಿಸುವ ಹೆಲ್ಪರ್ ಹುಡುಗನಿಗೂ ಬೇಕು. ಬೆಳಕು ತಾಗಿದ ಕಣ್ಣು ಆಗ ನೋಯುವುದಿಲ್ಲ. ನಡುರಾತ್ರಿ ಮರಳು ಎರಚಿದಂತೆ ಉರಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮಳೆಗೆ ಟಾರ್ಪಾಲು ಕಟ್ಟಿ ಎಲ್ಲ ಕಡೆ ಮುಚ್ಚಿ ಒಳಗೆ ಕೂತು ಬೆಸೆಯುವವರು ಇದನ್ನು ನೆನಪಿಡಬೇಕು. ಒಂದು ಬದಿ ತೆರೆದಿಡಿ, ಹೊಗೆಯ ಮೇಲೆ ಬಾಗಬೇಡಿ. ಬಕೆಟ್ ಮರಳು ಪಕ್ಕದಲ್ಲಿರಲಿ; ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಒಬ್ಬರು ಅಲ್ಲೇ ಇದ್ದು ಎಲ್ಲಾದರೂ ಕಿಡಿ ಉಳಿದಿದೆಯೇ ನೋಡಲಿ. ಫೆಬ್ರವರಿ, ಮಾರ್ಚ್ ತಿಂಗಳ ಒಣ ಎಲೆಯ ಕಾಲದಲ್ಲಿ ಕಾಡಿನ ಅಂಚಿನ ರಸ್ತೆಬದಿಯಲ್ಲಿ ಜನರೇಟರ್ ಇಟ್ಟು ಬೆಸುಗೆ ಹಾಕುವ ಯೋಚನೆಯನ್ನೇ ಮಾಡಬೇಡಿ. ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ತನ್ನಿ.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಮುರಿದ ಪ್ಯಾಡನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಅಳತೆಯಲ್ಲೇ ಕೂರಿಸುವುದು ದುರಸ್ತಿ. ಗಾಡಿಯನ್ನು ಎತ್ತರಿಸಲು ಸ್ಪ್ರಿಂಗಿನ ಜಾಗ ಬದಲಿಸುವುದು ಮಾರ್ಪಾಡು. ಎತ್ತರಿಸಿದ ಗಾಡಿಯ ಭಾರದ ನಡು ಮೇಲಕ್ಕೆ ಹೋಗುತ್ತದೆ. ಮಾಕುಟ್ಟದ ತಿರುವುಗಳಲ್ಲಿ ಅದು ಮಗುಚುವ ಅಪಾಯ ಹೆಚ್ಚುತ್ತದೆ. ಸ್ಪರ್ಧೆಗೆಂದು ಎತ್ತರಿಸಿ ಕಟ್ಟಿದ ಜೀಪಿನಲ್ಲಿ ಕೆಲಸದವರನ್ನು ಕೂರಿಸಬೇಡಿ.

ಗ್ಯಾರೇಜಿನ ಮಾಲೀಕರಲ್ಲಿ ಒಂದು ವಿನಂತಿ. ನಿಮ್ಮ ಹುಡುಗರನ್ನು ತರಬೇತಿಗೆ ಕಳುಹಿಸಿ. ಐಟಿಐಗಳಲ್ಲಿ ವೆಲ್ಡರ್ ವೃತ್ತಿಗೆ ಒಂದು ವರ್ಷದ ತರಬೇತಿ ಇದೆ. ಎಂಟನೆಯ ತರಗತಿ ಮುಗಿಸಿದವರೂ ಸೇರಬಹುದು. ಕೈಗೆ ಅಭ್ಯಾಸವಿದ್ದವರಿಗೆ ಉಕ್ಕಿನ ಗುಣವೂ ತಿಳಿದರೆ ಅವರ ಕೆಲಸಕ್ಕೆ ಹೊಸ ಬೆಲೆ ಬರುತ್ತದೆ.

ಗಾಡಿಯ ಮಾಲೀಕರಲ್ಲಿ ಇನ್ನೂ ದೊಡ್ಡ ವಿನಂತಿ. ಗ್ಯಾರೇಜಿನವರಿಂದ ಆಗುವ ಅವಸರದ ಕೆಲಸಕ್ಕೆ ಹೆಚ್ಚಾಗಿ ಮಾಲೀಕರಾದ ನಾವೇ ಕಾರಣ. ಸಂಜೆಯೊಳಗೆ ಗಾಡಿ ಬೇಕು ಎಂದು ಒತ್ತಾಯ ಮಾಡುವವರು ನಾವು. ಒಳ್ಳೆಯ ರಾಡಿಗೆ, ಹೊಸ ಯೂ ಬೋಲ್ಟಿಗೆ, ಬಿರುಕು ಪರೀಕ್ಷೆಗೆ ಚೌಕಾಸಿ ಮಾಡುವವರೂ ನಾವು. ಮಳೆ ಶುರುವಾಗುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲೇ ಗಾಡಿಯ ಅಡಿಭಾಗ ತೊಳೆಸಿ, ಪ್ಯಾಡು, ಬ್ರಾಕೆಟ್ಟು, ಹೌಸಿಂಗು ನೋಡಿಸಿ. ಬೆಸುಗೆ ಬೇಕಾದರೆ ಆ ಒಣ ದಿನಗಳಲ್ಲೇ ಮಾಡಿಸಿ. ಹೌಸಿಂಗ್ ಬಿಚ್ಚಲು ಒಂದು ದಿನ, ಬೆಸೆದು ಆರಲು ಒಂದು ರಾತ್ರಿ, ಪರೀಕ್ಷಿಸಿ ಜೋಡಿಸಲು ಇನ್ನೊಂದು ದಿನ ಕೊಡಿ. ಕೊಳವೆಯಲ್ಲೇ ಬಿರುಕು ಕಂಡರೆ ಅದರ ಮೇಲೆ ಬೆಸುಗೆ ಎಳೆದು ಮುಚ್ಚಿಸಬೇಡಿ, ಹೌಸಿಂಗ್ ಬದಲಿಸಿ.

ಜೀಪಿನ ಹಿಂದೆ ಕೂತು ಘಾಟಿ ಇಳಿಯುವ ಕೆಲಸದವರು ಹೌಸಿಂಗ್ ನೋಡಿ ಗಾಡಿ ಹತ್ತುವುದಿಲ್ಲ. ನೋಡಬೇಕೆಂದು ಅವರಿಂದ ಯಾರೂ ನಿರೀಕ್ಷಿಸುವುದೂ ಇಲ್ಲ. ಅವರ ಪರವಾಗಿ ಮೊದಲೇ ಬಗ್ಗಿ ನೋಡಬೇಕಾದವರು ಗಾಡಿ ಇಟ್ಟವರು, ಓಡಿಸುವವರು, ಬೆಸುಗೆ ಹಾಕುವವರು. ಈ ಮೂವರೂ ತಮ್ಮ ತಮ್ಮ ಪಾಲಿನದನ್ನು ಮಾಡಿದರೆ ಆ ಹೌಸಿಂಗ್ ತನ್ನ ಪಾಲಿನ ಭಾರವನ್ನು ಹೊರುತ್ತದೆ.